ಗೆರೆ ಮೂಡಿದರೆ ಪಾಸು

ಸ್ವಾತಿ ಮಳೆ ರಾತ್ರಿಯೆಲ್ಲ ಜಿನುಗಿ ಬೆಳಗಿನ ಜಾವಕ್ಕೆ ನಿಂತಿದೆ. ನೀವೀಗ ಜಗಳೂರು ತಾಲ್ಲೂಕಿನ ಸೊಕ್ಕೆಯ ಹೊರಗೆ ಒಂದು ಕಣದ ಬದಿಯಲ್ಲಿದ್ದೀರಿ. ಚಪ್ಪಲಿಗೆ ಮಣ್ಣು ಮೆತ್ತಿ ಹೆಜ್ಜೆ ಭಾರವಾಗಿದೆ. ಎದುರಿಗೆ ನೀಲಿ ಟಾರ್ಪಾಲಿನಡಿ ಮೆಕ್ಕೆಜೋಳದ ರಾಶಿ. ಗಾಳಿಗೆ ಹಾರದಿರಲೆಂದು ಅಂಚಿಗೆ ಕಲ್ಲು, ಹಳೆಯ ಟಯರು ಹೇರಿದ್ದಾರೆ. ಮನೆಯಾಕೆ ಒಂದು ಮೂಲೆಯ ಕಲ್ಲು ಸರಿಸಿ ಟಾರ್ಪಾಲು ಎತ್ತುತ್ತಾರೆ. ಒಳಗಿನಿಂದ ಹಬೆ ಮುಖಕ್ಕೆ ಬಡಿಯುತ್ತದೆ, ಜೊತೆಗೆ ಮುಗ್ಗಲು ವಾಸನೆ.

‘ಕೈ ಹಾಕಿ ನೋಡ್ರಿ, ಒಳಗೆ ಎಷ್ಟು ಕಾವೈತೆ ಅಂತ.’

ಕೈ ಹಾಕುತ್ತೀರಿ. ಮೇಲಿನ ಕಾಳು ತಣ್ಣಗಿದೆ. ಮೊಣಕೈ ಮುಳುಗುವಷ್ಟು ಒಳಕ್ಕೆ ಹೋದರೆ ಬೆಚ್ಚಗೆ, ಇನ್ನೂ ಒಳಗೆ ಸುಡುಸುಡು. ಕಾಳು ಉಸಿರಾಡುತ್ತಿದೆ, ಅದರ ಮೇಲೆ ಕೂತ ಬೂಸ್ಟೂ ಉಸಿರಾಡುತ್ತಿದೆ. ಆ ಕಾವಿಗೆ ಕಾರಣ ಅದೇ. ಹೊಲದಿಂದ ಮುರಿದು ತಂದಾಗ ಮೆಕ್ಕೆಜೋಳದಲ್ಲಿ ಶೇಕಡ 20ಕ್ಕೂ ಹೆಚ್ಚು ತೇವ ಇರುತ್ತದೆ. ಅದನ್ನು 14ಕ್ಕೆ, ಬಹಳ ದಿನ ಇಡುವುದಾದರೆ 12ಕ್ಕೆ ಇಳಿಸಬೇಕು. ಇಳಿಸುವುದು ಬಿಸಿಲು. ಮೂರು ದಿನದಿಂದ ಬಿಸಿಲಿಲ್ಲ.

ಇದು ಯಾರ ಮನೆಯ ಕಣ ಎಂದು ಊರಲ್ಲಿ ವಿಚಾರಿಸಬೇಡಿ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷ ಈ ಕಡೆಯ ಯಾವ ಕಣಕ್ಕೆ ಹೋದರೂ ಕಾಣುವುದು ಇದೇ. ಹೆಸರು ಬೇಕಿಲ್ಲ.

ಆಕೆ ಬೊಗಸೆ ತುಂಬ ಕಾಳು ತೆಗೆದು ನಿಮ್ಮ ಮುಂದೆ ಹಿಡಿಯುತ್ತಾರೆ. ಹೆಚ್ಚಿನವು ಚೆನ್ನಾಗಿವೆ, ಕಿತ್ತಳೆ ಹಳದಿ, ಹೊಳಪಿನವು. ನಡುವೆ ನಾಲ್ಕೈದು ಕಾಳಿನ ಬುಡದಲ್ಲಿ ಹಳದಿ ಬೆರೆತ ಹಸಿರು ಪುಡಿ. ಎರಡು ಕಾಳಿನ ಮೈಮೇಲೆ ಬಿಳಿ ಗುಲಾಬಿ ಬಣ್ಣದ ನೂಲು. ಹಸಿರು ಪುಡಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ್ದಿರಬಹುದು, ಗುಲಾಬಿ ನೂಲು ಫ್ಯುಸೇರಿಯಂ ಜಾತಿಯದ್ದಿರಬಹುದು. ಇರಬಹುದು ಅಷ್ಟೆ. ಬೂಸ್ಟು ಕಂಡಲ್ಲೆಲ್ಲ ವಿಷ ಇರಲೇಬೇಕೆಂದಿಲ್ಲ. ಬೂಸ್ಟು ಕಾಣದ ಕಾಳಿನಲ್ಲಿ ವಿಷ ಇರುವುದಿಲ್ಲ ಎಂಬ ಭರವಸೆಯೂ ಇಲ್ಲ. ಶಿಲೀಂಧ್ರ ಸತ್ತು ಉದುರಿಹೋದ ಮೇಲೂ ಅದು ಮಾಡಿಟ್ಟ ವಿಷ ಕಾಳಿನೊಳಗೇ ಉಳಿಯುತ್ತದೆ.

ತಪ್ಪೆಲ್ಲ ಈ ಮಳೆಯದ್ದೇ ಎಂದುಕೊಂಡರೆ ಅರ್ಧ ಮಾತ್ರ ಸರಿ. ಜಗಳೂರು ಸೀಮೆ ಬರಕ್ಕೆ ಹೆಸರಾದದ್ದು. ಸೂಲಂಗಿ ಒಡೆದು ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ಬಿಸಿಲು ಏರಿದರೆ ಗಿಡ ಸೊರಗುತ್ತದೆ, ಆಸ್ಪರ್ಜಿಲಸ್ ತೆನೆಯೊಳಗೆ ಹೊಲದಲ್ಲೇ ಹೊಕ್ಕುಬಿಡುತ್ತದೆ. ಲದ್ದಿಹುಳು ಕೊರೆದ ತೂತುಗಳೂ ಅದಕ್ಕೆ ದಾರಿ. ಹೊರದೇಶದ ಆ ಹುಳು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇಲ್ಲೇ ಪಕ್ಕದ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಅಂದರೆ ಮಳೆ ಬಾರದಿದ್ದಾಗ ಒಂದು ವಿಷ, ಬಂದಾಗ ಇನ್ನೊಂದು. ಈ ನೆಲದ ರೈತನಿಗೆ ಎರಡೂ ಒಂದೇ ವರ್ಷದಲ್ಲಿ ಸಿಕ್ಕುವುದುಂಟು.

ಅಷ್ಟರಲ್ಲಿ ಬೈಕಿನಲ್ಲಿ ವ್ಯಾಪಾರದ ಹುಡುಗ ಬರುತ್ತಾನೆ. ಬಗಲ ಚೀಲದಿಂದ ತೇವ ಅಳೆಯುವ ಮೀಟರು ತೆಗೆದು, ಅದರ ಬಟ್ಟಲಿಗೆ ಕಾಳು ಸುರಿದು ಮುಚ್ಚಳ ತಿರುಗಿಸುತ್ತಾನೆ.

‘ಹದಿನೇಳು ತೋರಿಸ್ತೈತೆ ಕಣಕ್ಕ. ಇನ್ನೆರಡು ಬಿಸಿಲು ಕೊಡು.’

‘ಬಿಸಿಲು ನನ್ನ ಕೈಯಾಗೈತೇನಪ್ಪ?’

ಆತ ನಗುತ್ತಾನೆ. ಬೂಸ್ಟಿನ ಬಗ್ಗೆ ಅವನ ಮೀಟರು ಏನನ್ನೂ ಹೇಳದು. ಆದರೂ ಅವನ ಮೂಗಿಗೆ ಗೊತ್ತಾಗಿದೆ. ರಾಶಿಯನ್ನು ಜರಡಿ ಹಿಡಿದು, ನುಚ್ಚು, ಪುಡಿ, ಕಪ್ಪು ಕಾಳು ಬೇರೆ ಮಾಡಿ ಕೊಟ್ಟರೆ ಒಳ್ಳೆಯ ದರ ಎನ್ನುತ್ತಾನೆ. ಸಲಹೆ ಸರಿಯಾದದ್ದೇ. ಒಡೆದ ಕಾಳು, ನುಚ್ಚು, ದೂಳಿನಲ್ಲೇ ವಿಷದ ಪಾಲು ಹೆಚ್ಚು. ಜರಡಿ ಹಿಡಿದರೆ ಉಳಿದ ರಾಶಿಯಲ್ಲಿ ವಿಷ ನಿಜಕ್ಕೂ ಕಡಿಮೆಯಾಗುತ್ತದೆ. ಜರಡಿಯ ಕೆಳಗೆ ಬಿದ್ದದ್ದನ್ನು ಆಕೆ ಬೇರೆ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ.

‘ಇದನ್ನೇನು ಮಾಡ್ತೀರಿ?’

‘ಎಮ್ಮೆಗೆ ಆಗ್ತೈತೆ ಬಿಡ್ರಿ. ಚೆಲ್ಲಾಕೆ ಬರ್ತೈತೇನು?’

ಈ ಚೀಲವನ್ನು ಗುರುತಿಟ್ಟುಕೊಳ್ಳಿ. ನನ್ನ ಮಟ್ಟಿಗೆ ಈ ಬರಹವೆಲ್ಲ ಇರುವುದು ಆ ಚೀಲದ ಸಲುವಾಗಿಯೇ.

ಒಳ್ಳೆಯ ಕಾಳು ಒಣಗಿ ಲಾರಿ ಏರಿದ ದಿನ ನೀವೂ ಚಾಲಕನ ಪಕ್ಕ ಕೂರುತ್ತೀರಿ. ಜಗಳೂರು ದಾಟಿ ದಾವಣಗೆರೆ ಕಡೆಗೆ. ಈ ಜಿಲ್ಲೆಯ ಮೆಕ್ಕೆಜೋಳದಲ್ಲಿ ಜನ ತಿನ್ನುವುದು ಕಡಿಮೆ. ಅದು ಹೋಗುವುದು ಕೋಳಿಗೆ, ದನಕ್ಕೆ, ಪಿಷ್ಟ ತೆಗೆಯುವ ಕಾರ್ಖಾನೆಗೆ. ತಮಿಳುನಾಡಿನ ನಾಮಕ್ಕಲ್‌ನ ಮೊಟ್ಟೆ ಕೋಳಿಗಳವರೆಗೂ. ದಾರಿಯಲ್ಲಿ ಚಳ್ಳಕೆರೆ ಕಡೆಯಿಂದ ಬಂದ ಹಿಂಡಿ ಲಾರಿ ಎದುರಾದರೆ ಅದನ್ನೂ ಒಮ್ಮೆ ನೋಡಿ. ಶೇಂಗಾ ಹಿಂಡಿ ಇಲ್ಲದೆ ಈ ವಿಷದ ಕಥೆ ಶುರುವಾಗುವುದೇ ಇಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ತಿಂಗಳುಗಳ ಅವಧಿಯಲ್ಲಿ ಸತ್ತವು. ರೋಗಾಣು ಸಿಗಲಿಲ್ಲ. ಕೊನೆಗೆ ಬೆರಳು ತೋರಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಯತ್ತ. ಅದರಲ್ಲಿದ್ದ ಆಸ್ಪರ್ಜಿಲಸ್ ಫ್ಲೇವಸ್‌ನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಆಮೇಲೆ ಆರೇ ವರ್ಷಕ್ಕೆ, 1966ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಇದೇ ವಿಷಕ್ಕೆ ಬಲಿಯಾದವು. ಮರಿಗಳಿಗೆ ಇದು ಬೇಗ ತಗಲುತ್ತದೆ. ಕುರಿ ಸಾಕಷ್ಟು ತಡೆದುಕೊಳ್ಳುತ್ತದೆ. ಎಮ್ಮೆ, ಹಸು ಸಾಮಾನ್ಯವಾಗಿ ಸಾಯುವುದಿಲ್ಲ. ಮೇವು ಬಿಡುತ್ತವೆ, ಹಾಲು ಇಳಿಸುತ್ತವೆ. ಯಜಮಾನ ಹವೆಯನ್ನು ಬೈಯುತ್ತಾನೆ.

ಪಶು ಆಹಾರ ಕಾರ್ಖಾನೆಯ ಗೇಟು. ಮುಂದೆ ಲಾರಿಗಳ ಸಾಲು. ಗೇಟಿನ ಪಕ್ಕದ ಸಣ್ಣ ಕೋಣೆಯೇ ಪ್ರಯೋಗಾಲಯ: ಒಂದು ಗ್ರೈಂಡರ್, ಒಂದು ತಕ್ಕಡಿ, ಸೋಸುವ ಕಾಗದ, ಮೂಗಿಗೆ ಅಡರುವ ಮೆಥನಾಲ್. ಒಬ್ಬ ಹುಡುಗಿ ಏಪ್ರನ್ ಹಾಕಿಕೊಂಡು ನಿಂತಿದ್ದಾಳೆ. ಲಾರಿಯ ಮೇಲೆ ಹತ್ತಿದ ಹಮಾಲಿ ಮೊನಚು ಕೊಳವೆಯನ್ನು ಚೀಲಗಳಿಗೆ ಚುಚ್ಚಿ ಕಾಳು ಇಳಿಸುತ್ತಿದ್ದಾನೆ. ಮುಂದಿನ ಚೀಲ, ಹಿಂದಿನದು, ನಡುವಿನದು, ಅಡಿಯದು.

‘ಅಣ್ಣ, ಬರೀ ಮೇಲಿನ ಸಾಲು ಚುಚ್ಚಬೇಡ. ತಳದ ಚೀಲಾನೂ ಎಳಿ’ ಎಂದು ಆಕೆ ಕೂಗುತ್ತಾಳೆ.

ಆಕೆಯ ಆ ಕೂಗಿನ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಬೇಕು. ಅಫ್ಲಾಟಾಕ್ಸಿನ್ ರಾಶಿಯಲ್ಲಿ ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳು ಪೂರ್ತಿ ಶುದ್ಧ, ಎಲ್ಲೋ ಒಂದು ಕಾಳಿನಲ್ಲಿ ವಿಷ ಕಿಕ್ಕಿರಿದಿರುತ್ತದೆ. ಅಮೆರಿಕದಲ್ಲಿ ಒಂದೊಂದೇ ಕಾಳನ್ನು ಬಿಡಿಸಿ ಪರೀಕ್ಷಿಸಿದಾಗ 4 ಲಕ್ಷ ಪಿಪಿಬಿಗೂ ಮೀರಿದ ಮೆಕ್ಕೆಜೋಳದ ಕಾಳು ಸಿಕ್ಕಿದೆ. ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆ ಹಾಕಿರುವ ಮಿತಿ ಅಫ್ಲಾಟಾಕ್ಸಿನ್ ಬಿ1ಕ್ಕೆ 20 ಪಿಪಿಬಿ. ಅಂದರೆ ಒಂದು ಟನ್ನಿನಲ್ಲಿ 20 ಮಿಲಿಗ್ರಾಂ. ಒಂದು ಗ್ರಾಮಿಗೆ ಮೂರು ಕಾಳು ಹಿಡಿಯೋಣ. ಅಂಥ ಒಂದೇ ಒಂದು ಕೆಟ್ಟ ಕಾಳು 5 ಕಿಲೋ ಶುದ್ಧ ಕಾಳಿಗೆ ಬಿದ್ದರೂ ಆ 5 ಕಿಲೋ ಮಿತಿ ದಾಟುತ್ತದೆ. ಹದಿನೈದು ಸಾವಿರ ಕಾಳಿನಲ್ಲಿ ಒಂದು! ಕೊಳವೆ ಆ ಕಾಳನ್ನು ಹಿಡಿಯಿತೇ, ಪಕ್ಕಕ್ಕೆ ಹಾದುಹೋಯಿತೇ ಎಂಬುದರ ಮೇಲೆ ಲಾರಿಯ ಹಣೆಬರಹ ನಿಂತಿದೆ. ಹತ್ತು ನಿಮಿಷದಲ್ಲಿ ಫಲಿತಾಂಶ ಎಂದು ಪರೀಕ್ಷೆಯ ಕಿಟ್ಟಿನ ಡಬ್ಬಿಯ ಮೇಲೆ ಬರೆದಿರುತ್ತದೆ. ನಿಜವಾದ ಕೆಲಸ ಆ ಹತ್ತು ನಿಮಿಷಕ್ಕೆ ಮೊದಲು ಲಾರಿಯ ಮೇಲೆ ಆಗಿಹೋಗಿರುತ್ತದೆ.

ಇಳಿಸಿದ ಕಾಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕಿ, ಚಪ್ಪಟೆ ಮಾಡಿ, ಗೆರೆ ಎಳೆದು ನಾಲ್ಕು ಪಾಲು ಮಾಡುತ್ತಾರೆ. ಎದುರುಬದುರಿನ ಎರಡು ಪಾಲು ತೆಗೆದುಹಾಕಿ ಉಳಿದೆರಡನ್ನು ಕಲಸಿ ಮತ್ತೆ ನಾಲ್ಕು. ಸಾಕಷ್ಟು ಕಡಿಮೆಯಾದ ಮೇಲೆ ಅಷ್ಟನ್ನೂ ಗ್ರೈಂಡರಿಗೆ ಹಾಕುತ್ತಾರೆ. ಮೊದಲು ಹಿಡಿ ಕಾಳು ತೆಗೆದು ಆಮೇಲೆ ಬೀಸಿದರೆ ಕೆಟ್ಟ ಕಾಳು ತಪ್ಪಿಹೋಗುತ್ತದೆ. ಎಲ್ಲವನ್ನೂ ನುಣ್ಣಗೆ ಬೀಸಿ ಕಲಸಿ ಆಮೇಲೆ ತೂಗಬೇಕು. ಅವಸರದಲ್ಲಿ ಬಹಳ ಕಡೆ ತಪ್ಪುವುದು ಇಲ್ಲೇ.

20 ಗ್ರಾಂ ಹಿಟ್ಟು. 100 ಮಿಲಿ ದ್ರಾವಣ, ಅದರಲ್ಲಿ 70 ಪಾಲು ಮೆಥನಾಲ್, 30 ಪಾಲು ನೀರು. ಕಿಟ್ಟಿನಿಂದ ಕಿಟ್ಟಿಗೆ ಅಳತೆ ಬದಲಾಗುತ್ತದೆ, ಕೆಲವರು ಎಥನಾಲ್ ಬಳಸುತ್ತಾರೆ. ಎರಡು ಮೂರು ನಿಮಿಷ ಜೋರಾಗಿ ಕುಲುಕಿ, ಹಿಟ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಸೋಸುತ್ತಾಳೆ. ಅದರ ಒಂದು ಹನಿಯನ್ನು ಬೇರೊಂದು ದ್ರವದಲ್ಲಿ ತೆಳುಮಾಡಿ ಸಣ್ಣ ಬುಡ್ಡಿಯಲ್ಲಿ ಇಟ್ಟು, ಬೆರಳಗಲವೂ ಇಲ್ಲದ ಒಂದು ಪಟ್ಟಿಯನ್ನು ಅದರಲ್ಲಿ ನಿಲ್ಲಿಸುತ್ತಾಳೆ. ಕೆಂಪು ಛಾಯೆ ಪಟ್ಟಿಯ ಮೇಲೆ ಮೆಲ್ಲನೆ ಏರತೊಡಗುತ್ತದೆ. ನೀವು ಬಾಗಿ ನೋಡುತ್ತೀರಿ.

‘ಎರಡು ಗೆರೆ ಬಂದ್ರೆ ಕೆಟ್ಟದ್ದಾ?’ ಲಾರಿ ಚಾಲಕ ಬಾಗಿಲಲ್ಲಿ ನಿಂತು ಕೇಳುತ್ತಾನೆ. ಕೊರೋನಾ ಕಾಲದಲ್ಲಿ ಪಟ್ಟಿ ನೋಡಿ ಅಭ್ಯಾಸ.

‘ಇದು ಉಲ್ಟಾ ಅಣ್ಣ. ಎರಡು ಗೆರೆ ಬಂದ್ರೆ ಪಾಸು. ಒಂದೇ ಬಂದ್ರೆ ವಾಪಸ್ಸು.’

ಯಾಕೆ ಉಲ್ಟಾ? ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೆನೆಸಿಕೊಳ್ಳಿ. ಪಟ್ಟಿಯ ಬುಡದಲ್ಲಿ ಪ್ರತಿಕಾಯಗಳಿವೆ. ಅವಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ಅಂಟಿಸಿದ್ದಾರೆ. ಅಷ್ಟು ಸಣ್ಣದಾದಾಗ ಚಿನ್ನ ಕೆಂಪಾಗಿ ಕಾಣುತ್ತದೆ. ಪ್ರತಿಕಾಯವೇ ಸೀಟು, ಅಫ್ಲಾಟಾಕ್ಸಿನ್‌ ಅಣುವೇ ಟವೆಲ್. ಪಟ್ಟಿಯ ನಡುವೆ, ಪರೀಕ್ಷೆಯ ಗೆರೆಯಲ್ಲಿ, ಮೊದಲೇ ಸ್ವಲ್ಪ ಅಫ್ಲಾಟಾಕ್ಸಿನ್ ಅಂಟಿಸಿಟ್ಟಿರುತ್ತಾರೆ. ಕಾಳು ಶುದ್ಧವಿದ್ದರೆ ಸೀಟುಗಳೆಲ್ಲ ಖಾಲಿ. ಗೆರೆಯಲ್ಲಿ ಕಾದಿರುವವರು ಅವನ್ನು ಹಿಡಿದುಕೊಳ್ಳುತ್ತಾರೆ, ಚಿನ್ನ ಅಲ್ಲೇ ನಿಂತು ಕೆಂಪು ಗೆರೆ ಮೂಡುತ್ತದೆ. ಕಾಳಿನಲ್ಲಿ ವಿಷ ಇದ್ದರೆ ಸೀಟಿನ ಮೇಲೆಲ್ಲ ಆಗಲೇ ಟವೆಲ್ ಬಿದ್ದಿರುತ್ತದೆ. ಗೆರೆಯಲ್ಲಿ ಯಾರಿಗೂ ಜಾಗ ಸಿಗದು, ಚಿನ್ನ ಮುಂದಕ್ಕೆ ಸಾಗಿಬಿಡುತ್ತದೆ. ವಿಷ ಹೆಚ್ಚಿದಷ್ಟೂ ಗೆರೆ ಮಸುಕು. ಮೇಲಿನ ಎರಡನೆಯ ಗೆರೆ ಪಟ್ಟಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ ಮಾತ್ರ. ಅದು ಮೂಡದಿದ್ದರೆ ಪಟ್ಟಿಯನ್ನೇ ಎಸೆಯಬೇಕು.

ಮಸುಕು ಗೆರೆಯ ಮುಂದೆ ಮನುಷ್ಯರ ಕಣ್ಣು ಜಗಳ ಶುರುಮಾಡುತ್ತದೆ. ಮಾರುವವನಿಗೆ ಗೆರೆ ಕಾಣುತ್ತದೆ, ಕೊಳ್ಳುವವನಿಗೆ ಕಾಣುವುದಿಲ್ಲ. ಅದಕ್ಕೇ ಗೆರೆಯ ಬಣ್ಣ ಅಳೆದು ಅಂಕಿ ಹೇಳುವ ಸಣ್ಣ ಯಂತ್ರವೊಂದನ್ನು ದೊಡ್ಡ ಕಾರ್ಖಾನೆಗಳು ಇಟ್ಟುಕೊಂಡಿರುತ್ತವೆ. ಒಂದೇ ಸಲಕ್ಕೆ ಹತ್ತಾರು ಮಾದರಿ ನೋಡಬೇಕಿದ್ದರೆ ಎಲಿಸಾ ಪರೀಕ್ಷೆ, 96 ಗುಳಿಗಳ ತಟ್ಟೆ. ವ್ಯಾಜ್ಯ ಕೋರ್ಟಿಗೆ ಹೋಗುವಷ್ಟಾದರೆ ಎಚ್‌ಪಿಎಲ್‌ಸಿ ಯಂತ್ರ ಇರುವ ದೊಡ್ಡ ಪ್ರಯೋಗಾಲಯಕ್ಕೇ ಹೋಗಬೇಕು. ಇವಕ್ಕೆಲ್ಲ ಹಿಂದಿನದು ಅತಿನೇರಳೆ ದೀಪ. ಕತ್ತಲ ಕೋಣೆಯಲ್ಲಿ ಒಡೆದ ಕಾಳಿನ ಮೇಲೆ ಬೆಳಕು ಬಿಟ್ಟರೆ ಕೆಲವು ಹಸಿರು ಹಳದಿಯಾಗಿ ಹೊಳೆಯುತ್ತವೆ. ನೋಡಲು ಚೆಂದ, ನಂಬಲು ಕಷ್ಟ. ಹೊಳೆಯುವುದು ಅಫ್ಲಾಟಾಕ್ಸಿನ್ ಅಲ್ಲ, ಅದೇ ಶಿಲೀಂಧ್ರ ಮಾಡುವ ಕೋಜಿಕ್ ಆಮ್ಲದಿಂದಾದ ಇನ್ನೊಂದು ವಸ್ತು. ಶಿಲೀಂಧ್ರ ಬಂದುಹೋಗಿದೆ ಎಂದಷ್ಟೇ ದೀಪ ಹೇಳುತ್ತದೆ. ವಿಷ ಎಷ್ಟೆಂದು ಹೇಳುವುದಿಲ್ಲ.

ಪಟ್ಟಿಯಲ್ಲಿ ಎರಡು ಗೆರೆ. ಲಾರಿ ಒಳಗೆ ಹೋಗುತ್ತದೆ. ಚಾಲಕ ಬೀಡಿ ಹಚ್ಚುತ್ತಾನೆ.

ಆದರೆ ಹುಡುಗಿ ಇನ್ನೊಂದು ಪಟ್ಟಿ ತೆಗೆಯುತ್ತಾಳೆ. ಇದು ಫ್ಯುಮೋನಿಸಿನ್‌ಗೆ. ಅಫ್ಲಾಟಾಕ್ಸಿನ್ ಪಟ್ಟಿಗೆ ಅಫ್ಲಾಟಾಕ್ಸಿನ್ ಬಿಟ್ಟು ಬೇರೇನೂ ಕಾಣದು; ಕಣದಲ್ಲಿ ನೀವು ನೋಡಿದ ಗುಲಾಬಿ ನೂಲಿನ ವಿಷಕ್ಕೆ ಬೇರೆಯೇ ಪಟ್ಟಿ ಬೇಕು. ಬಹಳ ಕಡೆ ಇದನ್ನು ಮಾಡುವುದಿಲ್ಲ. ಮಾಡಬೇಕಾದ ಕಾರಣ ಈ ನೆಲದ ನೆನಪಿನಲ್ಲೇ ಇದೆ. 1995ರಲ್ಲಿ ಅಕಾಲ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳವನ್ನು ಬೀಸಿ ರೊಟ್ಟಿ ಮಾಡಿ ತಿಂದ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳ ಜನ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿಯಿಂದ ನರಳಿದರು. ಕರ್ನಾಟಕ, ಆಂಧ್ರ ಎರಡೂ ಕಡೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ್ ವಿ. ಭಟ್ ಮತ್ತು ಸಂಗಡಿಗರು ಆ ಮನೆಗಳ ಕಾಳು ತರಿಸಿ ನೋಡಿದಾಗ ಸಿಕ್ಕಿದ್ದು ಫ್ಯುಮೋನಿಸಿನ್. 1997ರಲ್ಲಿ ಅದನ್ನು ಪ್ರಕಟಿಸಿದರು. ಸ್ವಾತಿ ಮಳೆ ಹಿಡಿದ ವರ್ಷ ಒಂದೇ ಪಟ್ಟಿಯ ಮೇಲೆ ಭಾರ ಹಾಕುವುದು ಜಾಣತನವಲ್ಲ. ಕಾರ್ಖಾನೆಯವರು ಆಹಾರಕ್ಕೆ ಬೆರೆಸುವ ಟಾಕ್ಸಿನ್ ಬೈಂಡರ್ ಪುಡಿಯನ್ನೂ ಇದೇ ಮಾತಿನಿಂದ ಅಳೆಯಬಹುದು. ಬೆಂಟೊನೈಟ್ ಜೇಡಿ ಅಫ್ಲಾಟಾಕ್ಸಿನ್ನನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಫ್ಯುಮೋನಿಸಿನ್ನನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಲಾರಿ ಪಾಸಾಯಿತು. ಆ ಚೀಲ?

ಅದು ಲಾರಿ ಹತ್ತಲೇ ಇಲ್ಲ. ಪರೀಕ್ಷೆ ಇರುವುದು ಕಾರ್ಖಾನೆಯ ಗೇಟಿನಲ್ಲಿ. ಗೇಟಿಗೆ ಬರುವುದು ಜರಡಿಯ ಮೇಲಿನ ಕಾಳು. ಜರಡಿಯ ಕೆಳಗಿನದ್ದು ಹಳ್ಳಿಯಲ್ಲೇ ಉಳಿಯುತ್ತದೆ. ಗೇಟು ಬಿಗಿಯಾದಷ್ಟೂ ಕೊಟ್ಟಿಗೆಗೆ ಬೀಳುವುದು ಹೆಚ್ಚು. ಈ ತಂತ್ರಜ್ಞಾನವನ್ನು ಹೊಗಳುವ ಸಭೆಗಳಲ್ಲಿ ಈ ಮಾತು ಬರುವುದು ಅಪರೂಪ.

ಸಂಜೆ ಬೇರೊಂದು ಹಳ್ಳಿ, ಹಾಲಿನ ಡೈರಿ. ಕ್ಯಾನುಗಳ ಸದ್ದು, ಪಾಳಿಯಲ್ಲಿ ನಿಂತ ಹೆಂಗಸರು, ಮಕ್ಕಳು. ಇಲ್ಲಿ ಕೂಡುವ ಹಾಲು ಶಿವಮೊಗ್ಗದ ಒಕ್ಕೂಟಕ್ಕೆ ಹೋಗುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಅದೇ ಒಕ್ಕೂಟ. ಕಾರ್ಯದರ್ಶಿ ಪ್ರತಿಯೊಬ್ಬರ ಹಾಲಿನಲ್ಲಿ ತುಸುವನ್ನು ಯಂತ್ರಕ್ಕೆ ಕೊಡುತ್ತಾರೆ: ಫ್ಯಾಟು ಇಷ್ಟು, ಎಸ್‌ಎನ್‌ಎಫ್ ಇಷ್ಟು, ದುಡ್ಡು ಇಷ್ಟು. ಕೆಟ್ಟ ಹಿಂಡಿ ತಿಂದ ಎಮ್ಮೆಯ ಹಾಲೂ ಇದರಲ್ಲಿ ಸರಾಗವಾಗಿ ಪಾಸಾಗುತ್ತದೆ. ಎಮ್ಮೆಯ ಪಿತ್ತಜನಕಾಂಗ ಅಫ್ಲಾಟಾಕ್ಸಿನ್ ಬಿ1 ಅನ್ನು ಎಂ1 ಎಂಬ ಇನ್ನೊಂದು ರೂಪಕ್ಕೆ ಬದಲಾಯಿಸಿ ಕೆಚ್ಚಲಿಗೆ ಕಳಿಸುತ್ತದೆ. ಮೇವು ತಿಂದ ಒಂದೇ ದಿನದೊಳಗೆ ಅದು ಹಾಲಿನಲ್ಲಿರುತ್ತದೆ. ಕಾಯಿಸಿದರೂ ಹೋಗುವುದಿಲ್ಲ.

ಎಷ್ಟು ಬರುತ್ತದೆ? ತಿಂದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಕರೆಯುವ ಹಸುವಾದರೆ ಇನ್ನೂ ಜಾಸ್ತಿ. 100 ಪಿಪಿಬಿ ಇರುವ ಹಿಂಡಿ, ನುಚ್ಚು 3 ಕಿಲೋ ತಿಂದ ಎಮ್ಮೆಯ ಹೊಟ್ಟೆಗೆ 300 ಮೈಕ್ರೋಗ್ರಾಂ ಹೋಯಿತು. ಎರಡು ಪಾಲೆಂದರೆ 6 ಮೈಕ್ರೋಗ್ರಾಂ. 6 ಲೀಟರು ಕರೆದರೆ ಲೀಟರಿಗೆ 1. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಕಿಲೋಗೆ 0.5, ಅದರ ಇಮ್ಮಡಿ ಆಯಿತು. ಅದೇ ಎಮ್ಮೆಗೆ 20 ಪಿಪಿಬಿಯ ಆಹಾರ ಹಾಕಿದ್ದರೆ ಹಾಲಿನಲ್ಲಿ 0.2, ನಮ್ಮ ಮಿತಿಯ ಒಳಗೆ. ಯುರೋಪಿನ ಮಿತಿ 0.05, ಅಲ್ಲಿ ಇದೂ ಫೇಲು. ಪ್ರಾಧಿಕಾರ 2018ರಲ್ಲಿ ದೇಶದ ಉದ್ದಗಲಕ್ಕೂ 6,432 ಹಾಲಿನ ಮಾದರಿ ತೆಗೆಸಿದಾಗ 368ರಲ್ಲಿ ಎಂ1 ಮಿತಿ ಮೀರಿತ್ತು. ನೀರು, ಯೂರಿಯಾ ಬೆರಕೆಯ ಭಯದಲ್ಲಿದ್ದ ನಾವು ಮೇವಿನಿಂದ ಬರುವುದನ್ನು ಅಷ್ಟಾಗಿ ಗಮನಿಸಿರಲಿಲ್ಲ.

ಡೈರಿಯಲ್ಲಿ ನೀವು ಈ ಮಾತೆತ್ತಿದಾಗ ಪಾಳಿಯಲ್ಲಿದ್ದ ಒಬ್ಬಾಕೆ ಮೊದಲು ಕೇಳುವುದು ಇದನ್ನೇ: ‘ತಿನ್ನಿಸಿದ್ದಾಗಿ ಹೋಗೈತೆ. ಇನ್ನು ಹಾಲು ಯಾವಾಗ ಸರಿಹೋಗ್ತೈತೆ?’

ಇದಕ್ಕೆ ನೆಮ್ಮದಿಯ ಉತ್ತರವಿದೆ. ಕೆಟ್ಟದ್ದನ್ನು ನಿಲ್ಲಿಸಿದ ಮೂರು ನಾಲ್ಕು ದಿನದಲ್ಲಿ ಹಾಲು ತಿಳಿಯಾಗುತ್ತದೆ. ನುಚ್ಚಿನ ಚೀಲವನ್ನು ತಿಪ್ಪೆಗೆ ಹಾಕಿ. ಕೋಳಿಗೂ ಬೇಡ, ಕರುವಿಗೂ ಬೇಡ.

‘ಮನೆಮನೆ ಹಾಲಿಗೂ ಈ ಪಟ್ಟಿ ಹಾಕಾಕೆ ಆಗ್ತೈತೇನ್ರಿ?’ ಕಾರ್ಯದರ್ಶಿ ತಲೆಯೆತ್ತದೆ ಕೇಳುತ್ತಾರೆ. ಹಾಲಿಗೂ ಪಟ್ಟಿಗಳಿವೆ. ಆದರೆ ಅವು ನಿಲ್ಲಬೇಕಾದದ್ದು ಟ್ಯಾಂಕರಿನ ಹತ್ತಿರ. ಇಲ್ಲಿ ದಿನಕ್ಕೆರಡು ಸಲ, ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ ಎಂದರೆ ಹಾಲಿನ ದುಡ್ಡಿಗಿಂತ ಪಟ್ಟಿಯ ದುಡ್ಡೇ ಹೆಚ್ಚಾದೀತು. ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ 2016ರಲ್ಲಿ ಎರಡು ಡಾಲರಿಗೂ ಕಡಿಮೆ ಖರ್ಚಿನ, ಕಾಲು ಗಂಟೆಯೊಳಗೆ ಉತ್ತರ ಹೇಳುವ ಪಟ್ಟಿಯನ್ನು ತೋರಿಸಿತ್ತು. ಅಂಗಡಿಯಲ್ಲಿ ಸಿಗುವವಕ್ಕೆ ಇಂದಿಗೂ ನೂರಾರು ರೂಪಾಯಿ.

‘ಹಾಲು ಬಿಡ್ರಿ’ ಎನ್ನುತ್ತಾರೆ ಕಾರ್ಯದರ್ಶಿ. ಪೆನ್ನನ್ನು ಕಿವಿಗೆ ಸಿಕ್ಕಿಸಿದ್ದಾರೆ. ‘ಹಿಂಡಿಗೆ ಹಾಕಿದ್ರೆ? ಊರಿಗೆ ಲೋಡು ಬಂದು ಇಳಿಯೋದೇ ಅಪರೂಪಕ್ಕೊಂದು ಸಲ. ಚುಚ್ಚಿ ತೆಗೆದು, ಬೀಸಿ, ಪಟ್ಟಿ, ಮೆಥನಾಲು ಎಲ್ಲಾ ಸೇರಿ ಸಾವಿರ ಅಂತಲೇ ಹಿಡೀರಿ. ನೂರು ಚೀಲದ ಲೋಡು. ಚೀಲಕ್ಕೆ ಹತ್ತು ರೂಪಾಯಿ.’

‘ಕೆಟ್ಟದ್ದು ಅಂತ ಬಂದ್ರೆ ವಾಪಸ್ ತಗಳ್ಳೋರು ಯಾರಣ್ಣ?’ ಪಾಳಿಯಿಂದ ಇನ್ನೊಂದು ದನಿ.

‘ದುಡ್ಡು ಕೊಟ್ಟ ಮ್ಯಾಲೆ ಯಾರೂ ತಗಳ್ಳಲ್ಲ ಕಣವ್ವ. ಅದಕ್ಕೇ ಲೋಡು ಇಳಿಸೋಕ್ಕಿಂತ ಮುಂಚೆ ನೋಡಬೇಕು. ನಿಂದು ಎಷ್ಟು ಲೀಟ್ರು, ಕ್ಯಾನ್ ಇಡು.’